ತಮ್ಮನ ಲಿವರ್ ಮತ್ತೆ ಬೆಳೆಯಲು ಇಮ್ಯುನಿಟಿ ಹೆಚ್ಚಿಸಬೇಕಾ, ತಗ್ಗಿಸಬೇಕಾ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಕಳೆದ ತಿಂಗಳು ಜ್ವರ, ಮೈಕೈ ನೋವು ಅಂತ ನಾಲ್ಕೈದು ದಿನ ಲೆಕ್ಕವಿಲ್ಲದೆ ಡೋಲೋ ನುಂಗಿದ. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ನೆಗಡಿ ಮಾತ್ರೆಯನ್ನೂ ಜೊತೆಗೆ ತೆಗೆದುಕೊಂಡ. ಊಟ ಸೇರುತ್ತಿರಲಿಲ್ಲ. ಆಮೇಲೆ ವಾಂತಿ ಶುರುವಾಯಿತು, ಕಣ್ಣು ಹಳದಿಯಾಯಿತು. ಆಸ್ಪತ್ರೆಗೆ ಹೋದಾಗ ಎಸ್‌ಜಿಪಿಟಿ (ಲಿವರ್ ಕೋಶ ಸತ್ತಾಗ ರಕ್ತದಲ್ಲಿ ಏರುವ ಕಿಣ್ವ) 6,000 ದಾಟಿತ್ತು, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದರ ಅಳತೆ, ಸರಿಯಿದ್ದರೆ 1ರ ಆಸುಪಾಸು) 3 ಇತ್ತು. ಐಸಿಯುನಲ್ಲಿದ್ದು ಈಗ ಮನೆಗೆ ಬಂದಿದ್ದಾನೆ. ಡಿಸ್‌ಚಾರ್ಜ್ ಮಾಡುವಾಗ ಡಾಕ್ಟರ್, "ಇಂಥ ಪೆಟ್ಟು ಬಿದ್ದಾಗ ದೇಹದ ರೋಗನಿರೋಧಕ ಕೋಶಗಳೇ ಇನ್ನಷ್ಟು ಪೆಟ್ಟು ಕೊಡಬಹುದು, ರಿಪೇರಿ ಮಾಡುವುದೂ ಅವೇ" ಅಂದರು. ನಮಗೆ ಅರ್ಥವಾಗಲಿಲ್ಲ. ಅತ್ತೆ ಇಮ್ಯುನಿಟಿ ಹೆಚ್ಚಲಿ ಅಂತ ದಿನಾ ಅಮೃತಬಳ್ಳಿ ಕಷಾಯ ಕೊಡುತ್ತಿದ್ದಾರೆ. ಚಿಕ್ಕಪ್ಪ ಉಲ್ಟಾ ಕೇಳುತ್ತಾರೆ: ಇಮ್ಯುನಿಟಿಯೇ ತೊಂದರೆ ಕೊಡುತ್ತದೆ ಅಂದಮೇಲೆ ಅದನ್ನು ತಗ್ಗಿಸುವ ಸ್ಟೀರಾಯ್ಡ್ ಯಾಕೆ ಕೊಡಲಿಲ್ಲ? ಯಾರು ಸರಿ? ಲಿವರ್ ನಿಜವಾಗಿ ಮತ್ತೆ ಬೆಳೆಯುತ್ತದಾ?
— ಓದುಗರು, ದಾವಣಗೆರೆ

ಉತ್ತರ: ತಮ್ಮ ಮನೆಗೆ ಬಂದಿದ್ದಾನೆ ಅಂತ ಓದಿ ಸಮಾಧಾನವಾಯಿತು. ಐಎನ್‌ಆರ್ 3 ಮುಟ್ಟಿದ ಲಿವರ್ ಚೇತರಿಸಿಕೊಳ್ಳುವುದು ಸಣ್ಣ ಮಾತಲ್ಲ. ನಿಮ್ಮ ಪತ್ರದಲ್ಲಿ ತುರ್ತಾಗಿ ಉತ್ತರಿಸಬೇಕಾದ್ದು ಒಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಅಮೃತಬಳ್ಳಿ ಕಷಾಯವನ್ನು ಇವತ್ತೇ ನಿಲ್ಲಿಸಿ. ಅತ್ತೆಯವರ ಕಾಳಜಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಈ ಲಿವರ್‌ಗೆ ಈಗ ಅದು ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಚಿಕ್ಕಪ್ಪನವರ ಪ್ರಶ್ನೆ ಒಳ್ಳೆಯದೇ. ಆದರೆ ಅವರೂ ಅತ್ತೆಯವರೂ ಇಮ್ಯುನಿಟಿಯನ್ನು ಒಂದೇ ವಸ್ತು ಅಂದುಕೊಂಡಿದ್ದಾರೆ. ಒಬ್ಬರು ಅದನ್ನು ಏರಿಸಬೇಕು ಅನ್ನುತ್ತಾರೆ, ಇನ್ನೊಬ್ಬರು ಇಳಿಸಬೇಕು ಅನ್ನುತ್ತಾರೆ. ಲಿವರ್‌ನೊಳಗೆ ನಡೆಯುವುದೇ ಬೇರೆ. ಅಲ್ಲಿ ಹಲವು ಬಗೆಯ ಕೋಶಗಳು ಒಂದಾದ ಮೇಲೊಂದು ಬರುತ್ತವೆ. ಅದೇ ಕೋಶ ಮೊದಲ ದಿನ ಮಾಡುವ ಕೆಲಸ ಒಂದು, ಮೂರನೇ ದಿನ ಮಾಡುವ ಕೆಲಸ ಇನ್ನೊಂದು. ಯಾವ ದಿನ ಯಾರು ಏನು ಮಾಡುತ್ತಿದ್ದಾರೆ ಅನ್ನುವುದರ ಮೇಲೆ ಲಿವರ್ ಉಳಿಯುತ್ತದೋ ಇಲ್ಲವೋ ಅನ್ನುವುದು ನಿಂತಿದೆ.

ಮೊದಲು ಪೆಟ್ಟು ಎಲ್ಲಿ ಬಿತ್ತು ಅಂತ ನೋಡೋಣ. ಡೋಲೋ, ಕ್ಯಾಲ್ಪಾಲ್, ಕ್ರೋಸಿನ್ ಎಲ್ಲದರ ಒಳಗಿರುವ ಜ್ವರದ ಔಷಧಿ ಒಂದೇ, ಪ್ಯಾರಸಿಟಮಾಲ್. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ. ಲೆಕ್ಕದಲ್ಲಿ ತೆಗೆದುಕೊಂಡರೆ ಇದು ತುಂಬ ಸುರಕ್ಷಿತ ಔಷಧಿ. ಅದರ ಬಹುಪಾಲನ್ನು ಲಿವರ್ ಬದಲಾಯಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಸ್ವಲ್ಪ ಪಾಲು ಮಾತ್ರ ವಿಷದ ತುಣುಕಾಗುತ್ತದೆ. ಆ ತುಣುಕನ್ನು ಗ್ಲುಟಾಥಯೋನ್ ಅನ್ನುವ ವಸ್ತು ಹಿಡಿದು ನಿರಪಾಯ ಮಾಡುತ್ತದೆ. ನಿಮ್ಮ ತಮ್ಮ ಊಟ ಬಿಟ್ಟಿದ್ದ ಅಂತ ಬರೆದಿದ್ದೀರಿ. ಊಟ ಬಿಟ್ಟವರಲ್ಲಿ ಗ್ಲುಟಾಥಯೋನ್ ಇಳಿದಿರುತ್ತದೆ. ಅತ್ತ ಮಾತ್ರೆ ಜಾಸ್ತಿ, ಇತ್ತ ರಕ್ಷಣೆ ಕಮ್ಮಿ. ತುಣುಕುಗಳು ಲಿವರ್ ಕೋಶಗಳ ಪ್ರೋಟೀನ್‌ಗಳಿಗೇ ಅಂಟಿಕೊಂಡು ಅವುಗಳನ್ನು ಕೊಂದವು. ಐಸಿಯುನಲ್ಲಿ ಡ್ರಿಪ್ ಮೂಲಕ ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟಿರುತ್ತಾರೆ, ಡಿಸ್‌ಚಾರ್ಜ್ ಸಮ್ಮರಿಯಲ್ಲಿ 'ಎನ್‌ಎಸಿ' ಅಂತ ಬರೆದಿರಬಹುದು. ಅದು ಗ್ಲುಟಾಥಯೋನನ್ನು ಮತ್ತೆ ತುಂಬಿಸುವ ಔಷಧಿ.

ಇಂಥ ಲಿವರ್‌ನ ಚೂರೊಂದನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಕಾಣುವುದನ್ನು ಹೇಳಲೇಬೇಕು. ಲಿವರ್ ಪೂರ್ತಿ ಸುಮಾರು ಒಂದು ಮಿಲಿಮೀಟರ್ ಅಗಲದ, ಆರು ಮೂಲೆಯ ಪುಟ್ಟ ಘಟಕಗಳಿಂದ ಆಗಿದೆ. ಪ್ರತಿ ಘಟಕದ ಅಂಚಿನಿಂದ ರಕ್ತ ಒಳಗೆ ಬರುತ್ತದೆ, ನಡುವಿನ ಸಣ್ಣ ರಕ್ತನಾಳದಿಂದ ಹೊರಗೆ ಹೋಗುತ್ತದೆ. ಪ್ಯಾರಸಿಟಮಾಲನ್ನು ವಿಷದ ತುಣುಕು ಮಾಡುವ ಕಿಣ್ವ ಜಾಸ್ತಿ ಇರುವುದು ನಡುವಿನ ಕೋಶಗಳಲ್ಲಿ. ಹಾಗಾಗಿ ಸಾಯುವುದೂ ಅವೇ. ಪ್ರತಿ ಘಟಕದ ನಡುವೆ ಬಿಳಿಚಿದ, ಸತ್ತ ವೃತ್ತ. ಅದರ ಸುತ್ತ ಜೀವಂತ ಕೋಶಗಳ ಬಳೆ. ಘಟಕದಿಂದ ಘಟಕಕ್ಕೆ ಇದೇ ಚಿತ್ರ. ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕೋಶಗಳು ಸತ್ತಿದ್ದರೂ ಅವುಗಳನ್ನು ಹಿಡಿದು ನಿಲ್ಲಿಸಿದ್ದ ನಾರಿನ ಬಲೆ ಹಾಗೇ ನಿಂತಿರುತ್ತದೆ. ಆ ಬಲೆ ಉಳಿದಿರುವುದರಿಂದಲೇ ಹೊಸ ಕೋಶಗಳು ಸರಿಯಾದ ಜಾಗಕ್ಕೆ ಬಂದು ಕೂರುತ್ತವೆ, ಕಲೆಯೂ ಉಳಿಯುವುದಿಲ್ಲ. ವರ್ಷಾನುಗಟ್ಟಲೆ ಕುಡಿದು ಸಿರೋಸಿಸ್ ಆದ, ಅಂದರೆ ಕಲೆ ತುಂಬಿ ಗಟ್ಟಿಯಾದ ಲಿವರ್‌ಗೂ ನಿಮ್ಮ ತಮ್ಮನ ಲಿವರ್‌ಗೂ ಇರುವ ದೊಡ್ಡ ವ್ಯತ್ಯಾಸ ಇದು.

ಲಿವರ್ ಬೆಳೆಯುತ್ತದಾ ಅಂದಿರಿ. ಬೆಳೆಯುತ್ತದೆ. 1931ರಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಅನ್ನುವವರು ಇಲಿಯ ಲಿವರ್‌ನ ಮೂರರಲ್ಲಿ ಎರಡು ಪಾಲು ಕತ್ತರಿಸಿ ತೆಗೆಯುವ ಪ್ರಯೋಗವನ್ನು ವಿವರಿಸಿದರು. ಉಳಿದ ಒಂದು ಪಾಲು ಒಂದೆರಡು ವಾರದೊಳಗೆ ಮೊದಲಿನ ತೂಕಕ್ಕೆ ಮರಳುತ್ತದೆ. ಇವತ್ತಿಗೂ ಈ ವಿಷಯದ ಬಹುಪಾಲು ಸಂಶೋಧನೆ ನಡೆಯುವುದು ಆ ವಿಧಾನದಲ್ಲೇ. ಆದರೆ ಇದು ಹಲ್ಲಿಯ ಬಾಲ ಬೆಳೆದ ಹಾಗಲ್ಲ. ಕತ್ತರಿಸಿದ ಭಾಗ ಮತ್ತೆ ಚಿಗುರುವುದಿಲ್ಲ, ಉಳಿದ ಭಾಗದ ಕೋಶಗಳೇ ಒಡೆದು ಎರಡಾಗಿ ದೊಡ್ಡದಾಗುತ್ತವೆ. ನಿಮ್ಮ ತಮ್ಮನಲ್ಲಿ ಏನನ್ನೂ ಕತ್ತರಿಸಿಲ್ಲ. ಅಲ್ಲಿ ಸತ್ತ ಕೋಶಗಳು ಜಾಗದಲ್ಲೇ ಬಿದ್ದಿದ್ದವು. ಅವುಗಳನ್ನು ತೆಗೆಯದೆ ಹೊಸದಕ್ಕೆ ಜಾಗವಿಲ್ಲ. ತೆಗೆಯುವವರು ಯಾರು? ಇಲ್ಲಿಂದ ರೋಗನಿರೋಧಕ ಕೋಶಗಳ ಕಥೆ ಶುರು.

ಲಿವರ್‌ನೊಳಗೆ ಹುಟ್ಟಿನಿಂದಲೇ ನೆಲೆಸಿರುವ ಕೋಶಗಳಿವೆ. 1876ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಕುಪ್ಫರ್ ಇವುಗಳನ್ನು ಮೊದಲು ವಿವರಿಸಿದ್ದರಿಂದ ಕುಪ್ಫರ್ ಕೋಶ ಅನ್ನುತ್ತಾರೆ. ಇವು ಮ್ಯಾಕ್ರೊಫೇಜ್ ಜಾತಿಯವು. ಮ್ಯಾಕ್ರೊಫೇಜ್ ಅಂದರೆ ಬೇಡದ್ದನ್ನು ನುಂಗಿ ಜೀರ್ಣಿಸುವ ಕೋಶ. ನಮ್ಮ ದೇಹದ ಅಂಗಗಳಲ್ಲಿ ನೆಲೆನಿಂತಿರುವ ಮ್ಯಾಕ್ರೊಫೇಜ್‌ಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಲಿವರ್‌ನಲ್ಲೇ ಇವೆ. ಅದಕ್ಕೆ ಕಾರಣವಿದೆ. ಲಿವರ್‌ಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಬರುತ್ತದೆ. ಅದರ ಜೊತೆ ಬ್ಯಾಕ್ಟೀರಿಯಾದ ಚೂರುಪಾರುಗಳೂ ಬರುತ್ತವೆ. ಅವುಗಳನ್ನು ಹಿಡಿದುಹಾಕುವುದು ಕುಪ್ಫರ್ ಕೋಶಗಳ ದಿನನಿತ್ಯದ ಕೆಲಸ.

ಲಿವರ್ ಕೋಶ ಒಡೆದು ಸತ್ತಾಗ ಅದರೊಳಗಿನ ಡಿಎನ್‌ಎ ಮತ್ತು ಪ್ರೋಟೀನ್ ಹೊರಗೆ ಚೆಲ್ಲುತ್ತವೆ. ಕುಪ್ಫರ್ ಕೋಶಗಳಿಗೆ ಅದೇ ಅಪಾಯದ ಸೂಚನೆ. ತಕ್ಷಣ ಅವು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ಈ ಹೆಸರುಗಳನ್ನು ಕೋವಿಡ್ ಸಮಯದಲ್ಲಿ ಕೇಳಿರುತ್ತೀರಿ, 'ಸೈಟೋಕೈನ್ ಸ್ಟಾರ್ಮ್' ಅಂತ ಟಿವಿಯಲ್ಲಿ ಹೆದರಿಸುತ್ತಿದ್ದರು. ಅಲ್ಲಿ ಕೆಟ್ಟದ್ದು ಅನ್ನಿಸಿಕೊಂಡ ಇದೇ ಇಂಟರ್‌ಲ್ಯೂಕಿನ್-6 ಇಲ್ಲಿ ಮಾಡುವ ಕೆಲಸ ನೋಡಿ. ಆರೋಗ್ಯವಾಗಿರುವ ಲಿವರ್ ಕೋಶ ವಿಭಜನೆ ಆಗುವುದೇ ಅಪರೂಪ, ಸುಮ್ನೆ ತನ್ನ ಕೆಲಸ ಮಾಡಿಕೊಂಡು ಇರುತ್ತದೆ. ಅದನ್ನು ಎಬ್ಬಿಸಿ ವಿಭಜನೆಗೆ ಸಜ್ಜು ಮಾಡುವುದು ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-6. 1996ರಲ್ಲಿ ಅಮೆರಿಕದ ಸಂಶೋಧಕರು ಇಂಟರ್‌ಲ್ಯೂಕಿನ್-6 ಇಲ್ಲದ ಇಲಿಗಳ ಲಿವರ್ ಕತ್ತರಿಸಿ ನೋಡಿದರು. ಲಿವರ್ ಸರಿಯಾಗಿ ಬೆಳೆಯಲಿಲ್ಲ. ಅದೇ ಇಲಿಗಳಿಗೆ ಹೊರಗಿನಿಂದ ಇಂಟರ್‌ಲ್ಯೂಕಿನ್-6 ಕೊಟ್ಟಾಗ ಬೆಳವಣಿಗೆ ಸರಿಹೋಯಿತು. ಮರುವರ್ಷ ಟಿಎನ್‌ಎಫ್ ಸಂದೇಶ ತಲುಪದ ಇಲಿಗಳಲ್ಲೂ ಇದೇ ಬಗೆಯ ಫಲ ಸಿಕ್ಕಿತು. ಕರುಳಿನಲ್ಲಿ ಬ್ಯಾಕ್ಟೀರಿಯಾವೇ ಇಲ್ಲದಂತೆ ಸಾಕಿದ ಇಲಿಗಳಲ್ಲೂ ಲಿವರ್ ನಿಧಾನವಾಗಿ ಬೆಳೆಯುತ್ತದೆ, ಯಾಕೆಂದರೆ ಕುಪ್ಫರ್ ಕೋಶಗಳಿಗೆ ಕರುಳಿನಿಂದ ಬರುವ ಪ್ರಚೋದನೆಯೇ ಇಲ್ಲ.

ರೋಗನಿರೋಧಕ ಕೋಶಗಳು ಈ ರಾಸಾಯನಿಕಗಳಿಂದ ಎಬ್ಬಿಸುವ ಗಲಾಟೆಗೇ ಉರಿಯೂತ ಅನ್ನುವುದು. ಅಂದರೆ ಉರಿಯೂತವೇ ಬೇಡ ಅನ್ನುವ ಹಾಗಿಲ್ಲ. ಅದಿಲ್ಲದೆ ಬೆಳವಣಿಗೆ ಸರಿಯಾಗಿ ಶುರುವಾಗುವುದಿಲ್ಲ. ಆದರೆ ಅದೇ ಟಿಎನ್‌ಎಫ್, ಮೊದಲೇ ನಿತ್ರಾಣವಾಗಿರುವ ಕೋಶಕ್ಕೆ ಸಾಯುವ ಸಂದೇಶವೂ ಆಗಬಲ್ಲದು. ನಿಮ್ಮ ಡಾಕ್ಟರ್ ಹೇಳಿದ್ದರ ಅರ್ಥ ಇಲ್ಲಿಂದ ಬಿಡಿಸಿಕೊಳ್ಳುತ್ತದೆ ಅಲ್ವಾ?

ಎರಡನೇ ಸರದಿ ನ್ಯೂಟ್ರೊಫಿಲ್‌ಗಳದು. ತಮ್ಮನ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ತೆಗೆದು ನೋಡಿ, ಬಿಳಿ ರಕ್ತಕಣಗಳ ಕೆಳಗೆ ಮೊದಲ ಸಾಲಿನಲ್ಲೇ ಈ ಹೆಸರು ಇರುತ್ತದೆ. ರಕ್ತದಲ್ಲಿ ಅತಿ ಹೆಚ್ಚು ಇರುವ ಬಿಳಿ ಕಣ ಇದು. ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ ಲಿವರ್‌ಗೆ ನುಗ್ಗುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಇರುವ ತೀಕ್ಷ್ಣ ರಾಸಾಯನಿಕಗಳು ಇದರ ಬಳಿ ಇವೆ. ಅವು ಪಕ್ಕದ ಒಳ್ಳೆಯ ಕೋಶಕ್ಕೂ ತಾಗಬಹುದು. ಹಾಗಾಗಿ ಬಹಳ ವರ್ಷ ನ್ಯೂಟ್ರೊಫಿಲ್ ಬಂತು ಅಂದರೆ ಹಾಳು ಮಾಡಲಿಕ್ಕೇ ಬಂತು ಅನ್ನುವ ಭಾವನೆ ಇತ್ತು. ಪ್ಯಾರಸಿಟಮಾಲ್ ವಿಷಯದಲ್ಲಿ ಇದು ಎಷ್ಟು ನಿಜ ಅಂತ ಸಂಶೋಧಕರ ನಡುವೆ ಇವತ್ತಿಗೂ ವಾದವಿದೆ, ಎರಡೂ ಕಡೆ ಪ್ರಯೋಗಗಳಿವೆ. 2019ರಲ್ಲಿ ಬಂದ ಒಂದು ಅಧ್ಯಯನ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಪ್ಯಾರಸಿಟಮಾಲ್ ಕೊಟ್ಟ ಇಲಿಗಳಲ್ಲಿ ನ್ಯೂಟ್ರೊಫಿಲ್‌ಗಳನ್ನು ತೆಗೆದುಹಾಕಿದಾಗ ರಿಪೇರಿಯೇ ಹಿಂದೆ ಬಿತ್ತು. ನ್ಯೂಟ್ರೊಫಿಲ್ ಬಿಡುವ ಆ ತೀಕ್ಷ್ಣ ಆಮ್ಲಜನಕದ ಕಣಗಳೇ ಮ್ಯಾಕ್ರೊಫೇಜ್‌ಗಳನ್ನು ಜಗಳದ ಸ್ವಭಾವದಿಂದ ರಿಪೇರಿಯ ಸ್ವಭಾವಕ್ಕೆ ತಿರುಗಿಸುತ್ತವೆ ಅಂತ ಅದರಲ್ಲಿ ಕಂಡಿತು. ಹಾಳು ಮಾಡುತ್ತದೆ ಅಂತ ನಾವು ಬೈದುಕೊಂಡಿದ್ದ ವಸ್ತುವೇ ರಿಪೇರಿಗೆ ದಾರಿ ತೋರಿಸುತ್ತಿತ್ತು.

ಆಮೇಲೆ ಮೊನೊಸೈಟ್. ಇದೂ ನಿಮ್ಮ ಸಿಬಿಸಿಯಲ್ಲಿ ಇದೆ, ನೂರಕ್ಕೆ ಹತ್ತಕ್ಕಿಂತ ಕಮ್ಮಿ ಇರುವ ಸಾಲು. ಮೂಳೆ ಮಜ್ಜೆಯಲ್ಲಿ ಹುಟ್ಟಿ ರಕ್ತದಲ್ಲಿ ಓಡಾಡುವ ಈ ಕೋಶ ಲಿವರ್‌ಗೆ ಬಂದಮೇಲೆ ಮ್ಯಾಕ್ರೊಫೇಜ್ ಆಗುತ್ತದೆ. ಪೆಟ್ಟಿನಲ್ಲಿ ಕುಪ್ಫರ್ ಕೋಶಗಳೂ ಸಾಕಷ್ಟು ಸತ್ತಿರುತ್ತವೆ, ಆ ಕೊರತೆಯನ್ನು ಇವು ತುಂಬುತ್ತವೆ. ಬಂದ ಹೊಸದರಲ್ಲಿ ಉರಿಯೂತ ಹೆಚ್ಚಿಸುತ್ತವೆ. ಸತ್ತ ಕೋಶಗಳನ್ನು ನುಂಗುತ್ತಾ ಹೋದ ಹಾಗೆ ಸ್ವಭಾವ ಬದಲಾಗುತ್ತದೆ. ಉರಿ ಹೆಚ್ಚಿಸುವ ರಾಸಾಯನಿಕ ನಿಲ್ಲಿಸಿ, ಉರಿ ತಣಿಸುವ ಇಂಟರ್‌ಲ್ಯೂಕಿನ್-10ನ್ನೂ ಹೊಸ ರಕ್ತನಾಳ ಮತ್ತು ಕೋಶ ಬೆಳೆಸುವ ವಸ್ತುಗಳನ್ನೂ ಬಿಡತೊಡಗುತ್ತವೆ. ಇಲಿಗಳಲ್ಲಿ ಈ ತಿರುವು ಎರಡನೇ-ಮೂರನೇ ದಿನದ ಹೊತ್ತಿಗೆ ಬರುತ್ತದೆ. ಮನುಷ್ಯರಲ್ಲಿ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ. ಕ್ರಮ ಮಾತ್ರ ಹೆಚ್ಚುಕಮ್ಮಿ ಇದೇ.

ಒಂದು ಪ್ರಯೋಗವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಪಾಲ್ ಕುಬ್ಸ್ ಅವರ ಲ್ಯಾಬ್ ಜೀವಂತ ಇಲಿಯ ಲಿವರನ್ನು ಮೈಕ್ರೋಸ್ಕೋಪ್‌ನಲ್ಲಿ ನೇರವಾಗಿ ನೋಡುವುದರಲ್ಲಿ ಹೆಸರುವಾಸಿಯಾಗಿತ್ತು. 2016ರಲ್ಲಿ ಅವರು ಲಿವರ್‌ನ ಮೇಲ್ಮೈಯಲ್ಲಿ ಬಿಸಿಯಿಂದ ಒಂದು ಚುಕ್ಕೆಯಷ್ಟು ಸುಟ್ಟು, ಏನಾಗುತ್ತದೆ ಅಂತ ನೋಡುತ್ತಾ ಕುಳಿತರು. ಒಂದು ಗಂಟೆಯೊಳಗೆ ಮ್ಯಾಕ್ರೊಫೇಜ್‌ಗಳು ಆ ಚುಕ್ಕೆಗೆ ಬಂದು ಅಂಟಿಕೊಂಡವು. ರಕ್ತದ ಮೂಲಕ ಬಂದಿದ್ದರೆ ಅಷ್ಟು ಬೇಗ ಬರಲು ಸಾಧ್ಯವೇ ಇರಲಿಲ್ಲ. ಅವು ಬಂದದ್ದು ಹೊಟ್ಟೆಯೊಳಗಿನ ಖಾಲಿ ಜಾಗದಿಂದ. ಅಲ್ಲಿನ ದ್ರವದಲ್ಲಿ ತೇಲುತ್ತಿದ್ದ, ಪೂರ್ತಿ ಬಲಿತ ಮ್ಯಾಕ್ರೊಫೇಜ್‌ಗಳು ಲಿವರ್‌ನ ಹೊರಪದರ ದಾಟಿ ನೇರ ಒಳಗೆ ಇಳಿದಿದ್ದವು. ಒಳಗೆ ಹೋಗಿ ಸತ್ತ ಕೋಶಗಳ ನ್ಯೂಕ್ಲಿಯಸ್‌ಗಳನ್ನು ಬಿಚ್ಚಿ ಡಿಎನ್‌ಎ ತೆರವು ಮಾಡುತ್ತಿದ್ದವು. ಅವುಗಳನ್ನು ತಡೆದಾಗ ಗಾಯ ಮಾಯುವುದು ತಡವಾಯಿತು. ಅಲ್ಲಿಯವರೆಗೆ ಲಿವರ್‌ಗೆ ಸಹಾಯ ರಕ್ತನಾಳದ ದಾರಿಯಲ್ಲೇ ಬರುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಪಕ್ಕದಲ್ಲೇ ಕಾವಲು ಪಡೆಯೊಂದು ಸಿದ್ಧವಾಗಿ ಕಾದಿರುವುದು ಗೊತ್ತೇ ಇರಲಿಲ್ಲ.

ನಿರ್ದಿಷ್ಟ ಶತ್ರುವನ್ನು ಗುರುತಿಸಿ ಎದುರಿಸುವ ಬಿಳಿ ಕಣಗಳಾದ ಟಿ ಕೋಶಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪ್ಯಾರಸಿಟಮಾಲ್‌ನಲ್ಲಿ ಅವುಗಳ ಪಾತ್ರ ದೊಡ್ಡದಲ್ಲ. ವೈರಸ್‌ನಿಂದ ಬರುವ ಕಾಮಾಲೆಯಲ್ಲಿ, ಅಂದರೆ ಹೆಪಟೈಟಿಸ್ ಎ, ಇ ಮುಂತಾದವುಗಳಲ್ಲಿ ದೊಡ್ಡದು. ಆ ವೈರಸ್‌ಗಳು ಲಿವರ್ ಕೋಶವನ್ನು ನೇರವಾಗಿ ಕೊಲ್ಲುವುದು ಕಡಿಮೆ. ವೈರಸ್ ಹೊಕ್ಕ ಕೋಶವನ್ನು ಗುರುತಿಸಿ ಕೊಲ್ಲುವುದು ನಮ್ಮದೇ ರೋಗನಿರೋಧಕ ಕೋಶಗಳು. ಕಣ್ಣು ಹಳದಿಯಾಗುವ ಹೊತ್ತಿಗೆ ಎಷ್ಟೋ ಸಲ ವೈರಸ್ ಇಳಿಮುಖವಾಗಿರುತ್ತದೆ.

ಈಗ ಅತ್ತೆಯವರ ಕಷಾಯಕ್ಕೆ ಬರುತ್ತೇನೆ. ಲಿವರ್‌ನಲ್ಲಿ ಎನ್‌ಕೆ ಕೋಶ ಅಂತ ಒಂದು ಬಗೆ ಧಾರಾಳವಾಗಿದೆ. ವೈರಸ್ ಬಂದ ಕೋಶ, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ಇದರ ಕೆಲಸ. 2004ರಲ್ಲಿ ಅಮೆರಿಕದಲ್ಲಿ ಸನ್ ಮತ್ತು ಗಾವೊ ಎಂಬ ಸಂಶೋಧಕರು ಇಲಿಯ ಲಿವರ್ ಕತ್ತರಿಸಿ, ಅದು ಬೆಳೆಯುತ್ತಿರುವಾಗಲೇ ಎನ್‌ಕೆ ಕೋಶಗಳನ್ನು ಕೆರಳಿಸುವ ವಸ್ತುವನ್ನು ಕೊಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇಮ್ಯುನಿಟಿ ಬೂಸ್ಟ್ ಮಾಡಿದರು. ಎನ್‌ಕೆ ಕೋಶಗಳು ಇಂಟರ್‌ಫೆರಾನ್-ಗ್ಯಾಮ ಅನ್ನುವ ರಾಸಾಯನಿಕ ಬಿಟ್ಟವು. ಲಿವರ್ ಬೆಳೆಯುವುದು ಕುಂಠಿತವಾಯಿತು. ಎನ್‌ಕೆ ಕೋಶಗಳನ್ನು ತೆಗೆದ ಇಲಿಗಳಲ್ಲಿ ಆ ಅಡ್ಡಿ ಇರಲಿಲ್ಲ. ರಿಪೇರಿ ನಡೆಯುವಾಗ ರೋಗನಿರೋಧಕ ಶಕ್ತಿಯನ್ನು ಸುಮ್ಮನೆ ಕೆರಳಿಸಿದರೆ ಒಳ್ಳೆಯದೇ ಆಗುತ್ತದೆ ಅಂತ ಹೇಳಲು ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಅಮೃತಬಳ್ಳಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಕೋವಿಡ್ ಸಮಯದಲ್ಲಿ ಮನೆಮನೆಯಲ್ಲಿ ಇದರ ಕಷಾಯ ಕುಡಿದರು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಲಿವರ್ ಉರಿಯೂತ ಕಂಡು ವರದಿ ಮಾಡಿದರು. ಆಮೇಲೆ ದೇಶದ 13 ಆಸ್ಪತ್ರೆಗಳ 43 ರೋಗಿಗಳ ಅಧ್ಯಯನ ಬಂತು. ಹಲವರಲ್ಲಿ ಕಂಡದ್ದು ಆಟೋಇಮ್ಯೂನ್ ಹೆಪಟೈಟಿಸ್‌ನಂಥ ಚಿತ್ರ, ಅಂದರೆ ತಮ್ಮದೇ ರೋಗನಿರೋಧಕ ಕೋಶಗಳು ಲಿವರ್ ಮೇಲೆ ತಿರುಗಿಬಿದ್ದಿದ್ದವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯಂತೆಯೇ ಕಾಣುವ ಬೇರೆ ಬಳ್ಳಿಯ ಜೊತೆ ಗೊಂದಲವಾಗಿದೆ ಅಂದಿತು. ಕುಡಿದ ಎಲ್ಲರಿಗೂ ತೊಂದರೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ, ಬಹುಪಾಲು ಜನರಿಗೆ ಆಗಲಿಲ್ಲ. ಆದರೆ ಈಗಷ್ಟೇ ಚಿಗುರುತ್ತಿರುವ ಲಿವರ್ ಮೇಲೆ ಆ ಪರೀಕ್ಷೆ ಮಾಡುವುದು ಬೇಡ. ಇನ್ನೊಂದು ತೊಂದರೆಯೂ ಇದೆ. ಮುಂದಿನ ವಾರ ಎಸ್‌ಜಿಪಿಟಿ ಮತ್ತೆ ಏರಿದರೆ, ಅದು ಹಳೆಯ ಪೆಟ್ಟಿನದೋ ಕಷಾಯದ್ದೋ ಅಂತ ಡಾಕ್ಟರ್‌ಗೆ ತಿಳಿಯುವುದಿಲ್ಲ. ನೆಲನೆಲ್ಲಿ, ಹಳ್ಳಿಯ ಕಾಮಾಲೆ ಔಷಧಿ, ಮೆಡಿಕಲ್ ಶಾಪ್‌ನ ಲಿವರ್ ಟಾನಿಕ್, ಜಿಮ್‌ನ ಪುಡಿ ಎಲ್ಲಕ್ಕೂ ಇದೇ ಮಾತು.

ಇನ್ನು ಚಿಕ್ಕಪ್ಪನವರ ಪ್ರಶ್ನೆ. ಸ್ಟೀರಾಯ್ಡ್ ಯಾಕೆ ಕೊಡಲಿಲ್ಲ? ಕೊಟ್ಟು ನೋಡಿದ್ದಾರೆ. ದಿಢೀರ್ ಲಿವರ್ ವೈಫಲ್ಯದಲ್ಲಿ ಒಟ್ಟಾರೆಯಾಗಿ ಸ್ಟೀರಾಯ್ಡ್ ಪ್ರಾಣ ಉಳಿಸಲಿಲ್ಲ. ಮೇಲೆ ಹೇಳಿದ್ದನ್ನು ನೆನೆದರೆ ಕಾರಣ ಹೊಳೆಯುತ್ತದೆ. ಸ್ಟೀರಾಯ್ಡ್ ಕೆಟ್ಟ ಉರಿಯೂತವನ್ನಷ್ಟೇ ಆರಿಸಿ, ರಿಪೇರಿಯವರನ್ನು ಬಿಟ್ಟುಬಿಡುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಸೋಂಕಿನದು. ಲಿವರ್ ಜೋರಾಗಿ ಕೆಟ್ಟಾಗ ದೇಹದ ಉರಿಯೂತ ಏರಿರುತ್ತದೆ ನಿಜ, ಅದೇ ಹೊತ್ತಿಗೆ ರಕ್ತದಲ್ಲಿರುವ ಮೊನೊಸೈಟ್‌ಗಳು ಮಂಕಾಗಿಬಿಟ್ಟಿರುತ್ತವೆ. ಬ್ಯಾಕ್ಟೀರಿಯಾ ಎದುರಿಸುವ ಶಕ್ತಿ ಅವುಗಳಲ್ಲಿ ಇರುವುದಿಲ್ಲ. ಇಂಥ ರೋಗಿಗಳನ್ನು ಕೊಲ್ಲುವುದು ಮುಖ್ಯವಾಗಿ ಮಿದುಳಿನ ಊತ ಮತ್ತು ಸೋಂಕು. ಮೂತ್ರದ ಟ್ಯೂಬ್, ಕುತ್ತಿಗೆಯ ಲೈನ್, ಎದೆಯ ಎಕ್ಸ್‌ರೇ ಅಂತ ಐಸಿಯುನವರು ದಿನಾ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಅಂಥವರಿಗೆ ಇಮ್ಯುನಿಟಿ ತಗ್ಗಿಸುವ ಮಾತ್ರೆ ಕೊಟ್ಟರೆ ಬಾಗಿಲು ತೆರೆದಿಟ್ಟ ಹಾಗೆ. ಆಟೋಇಮ್ಯೂನ್ ಹೆಪಟೈಟಿಸ್, ಕುಡಿತದಿಂದ ಬರುವ ತೀವ್ರ ಹೆಪಟೈಟಿಸ್‌ನಲ್ಲಿ ಆಯ್ದ ಕೆಲವರಿಗೆ ಸ್ಟೀರಾಯ್ಡ್ ಕೊಡುವುದುಂಟು. ಅದು ಬೇರೆ ಲೆಕ್ಕ.

ಉರಿಯೂತವನ್ನು ಒಂದೇ ಏಟಿಗೆ ಆರಿಸದೆ ತುಸು ತಗ್ಗಿಸುವ ದಾರಿಯೊಂದಿದೆ, ಪ್ಲಾಸ್ಮಾ ಬದಲಾವಣೆ. ರೋಗಿಯ ರಕ್ತದ ನೀರಿನ ಭಾಗವನ್ನು ತೆಗೆದು ದಾನಿಗಳ ಪ್ಲಾಸ್ಮಾ ತುಂಬುತ್ತಾರೆ. ಚೆಲ್ಲಿದ ಡಿಎನ್‌ಎ, ಉರಿಯೂತದ ರಾಸಾಯನಿಕಗಳು ಅದರ ಜೊತೆ ಹೊರಗೆ ಹೋಗುತ್ತವೆ. 2016ರಲ್ಲಿ ಪ್ರಕಟವಾದ 182 ರೋಗಿಗಳ ಯೂರೋಪಿನ ಅಧ್ಯಯನದಲ್ಲಿ ಇದರಿಂದ ಬದುಕುಳಿದವರು ಹೆಚ್ಚಾದರು. ನಮ್ಮ ದಕ್ಷಿಣ ಭಾರತದಲ್ಲಿ ಇಲಿ ಪಾಷಾಣದಿಂದ ಲಿವರ್ ಕೆಟ್ಟವರಿಗೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಕಮ್ಮಿ ಪ್ರಮಾಣದ ಪ್ಲಾಸ್ಮಾ ಬದಲಾವಣೆಯನ್ನು ಬಳಸಿ ಬರೆದಿದ್ದಾರೆ. ದುಬಾರಿ ಲಿವರ್ ಕಸಿ ಎಲ್ಲರಿಗೂ ಎಟುಕದ ನಮ್ಮಂಥ ಕಡೆ ಇದು ಮುಖ್ಯವಾದ ಕೆಲಸ.

ರಿಪೇರಿಯವರನ್ನೇ ಬಲಪಡಿಸುವ ಪ್ರಯತ್ನ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದಿದೆ. 2015ರಲ್ಲಿ ಅಲ್ಲಿನವರು ಮ್ಯಾಕ್ರೊಫೇಜ್ ಬೆಳೆಸುವ ಸಿಎಸ್‌ಎಫ್-1 ಅನ್ನುವ ವಸ್ತುವನ್ನು ಇಲಿಗಳಿಗೆ ಕೊಟ್ಟು, ಬ್ಯಾಕ್ಟೀರಿಯಾ ಹಿಡಿಯುವ ಲಿವರ್‌ನ ಶಕ್ತಿ ಮರಳುವುದನ್ನು ತೋರಿಸಿದರು. ದಿಢೀರ್ ಲಿವರ್ ವೈಫಲ್ಯದ ರೋಗಿಗಳಲ್ಲಿ ಬದುಕಿದವರ ರಕ್ತದಲ್ಲಿ ಈ ವಸ್ತು ಹೆಚ್ಚಿತ್ತು, ತೀರಿಕೊಂಡವರಲ್ಲಿ ಕಡಿಮೆ ಇತ್ತು. 2019ರಲ್ಲಿ ಅದೇ ಊರಿನವರು ಸಿರೋಸಿಸ್‌ನ 9 ಜನರಿಗೆ ಅವರದೇ ರಕ್ತದಿಂದ ಬೆಳೆಸಿದ ಮ್ಯಾಕ್ರೊಫೇಜ್ ಕೊಟ್ಟು, ಅದು ಸುರಕ್ಷಿತ ಅಂತ ವರದಿ ಮಾಡಿದರು. ನನಗೆ ಇದರಲ್ಲಿ ನಿಜವಾದ ಭರವಸೆ ಇದೆ. ಆದರೆ ಇದು ಇನ್ನೂ ಆಸ್ಪತ್ರೆಯ ಕಪಾಟಿಗೆ ಬಂದಿಲ್ಲ. 'ಸ್ಟೆಮ್ ಸೆಲ್‌ನಿಂದ ಲಿವರ್ ಬೆಳೆಸುತ್ತೇವೆ' ಅಂತ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಕೊಡಬೇಡಿ.

ಇನ್ನು ರಿಪೋರ್ಟ್ ಓದುವ ರೀತಿ. ಮನೆಯವರೆಲ್ಲ ಎಸ್‌ಜಿಪಿಟಿ ಸಂಖ್ಯೆಯನ್ನೇ ದಿಟ್ಟಿಸುತ್ತಾರೆ. ಅದು ಎಷ್ಟು ಕೋಶ ಸತ್ತಿವೆ ಅಂತ ಹೇಳುತ್ತದೆ, ಎಷ್ಟು ಹುಟ್ಟಿವೆ ಅಂತ ಹೇಳುವುದಿಲ್ಲ. ರಕ್ತದಲ್ಲಿ ಅದು ಸುಮಾರು ಎರಡು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ 6,000 ಇದ್ದದ್ದು ನೂರಕ್ಕೆ ಬರಲು ಸುಮಾರು ಎರಡು ವಾರವಾದರೂ ಬೇಕು, ಗಾಬರಿ ಬೇಡ. ಸಾಯಲು ಕೋಶಗಳೇ ಉಳಿದಿಲ್ಲದಿದ್ದರೂ ಎಸ್‌ಜಿಪಿಟಿ ಇಳಿಯುತ್ತದೆ, ಅದನ್ನು ನೋಡಿ ಖುಷಿಪಟ್ಟು ಮೋಸ ಹೋಗಬಾರದು. ನಂಬಬೇಕಾದ್ದು ಐಎನ್‌ಆರ್. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನು ಲಿವರ್ ದಿನದಿನವೂ ಹೊಸದಾಗಿ ಮಾಡಬೇಕು. ಐಎನ್‌ಆರ್ 3ರಿಂದ 1ರ ಕಡೆ ಬಂತು ಅಂದರೆ ಹೊಸ ಕೋಶಗಳು ದುಡಿಯುತ್ತಿವೆ. ಐಸಿಯುನಲ್ಲಿ ಫಾಸ್ಫೇಟ್ ಕಡಿಮೆಯಾಗಿದೆ ಅಂತ ಅದನ್ನೂ ಡ್ರಿಪ್‌ನಲ್ಲಿ ಕೊಟ್ಟಿರಬಹುದು. ಪ್ಯಾರಸಿಟಮಾಲ್ ಪೆಟ್ಟಿನಲ್ಲಿ ಫಾಸ್ಫೇಟ್ ಇಳಿಯುವುದು ಹೆಚ್ಚಿನಂಶ ಒಳ್ಳೆಯ ಸೂಚನೆ, ಬೆಳೆಯುವ ಕೋಶಗಳಿಗೆ ಅದು ಬೇಕು. ಏರಿದರೆ ನಮಗೆ ಭಯ. ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ ಮಾತ್ರ ಎಲ್ಲಕ್ಕಿಂತ ನಿಧಾನ. ಅದರ ಒಂದು ಪಾಲು ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್‌ಗೆ ಅಂಟಿಕೊಂಡು ರಕ್ತದಲ್ಲೇ ವಾರಗಟ್ಟಲೆ ಸುತ್ತುತ್ತದೆ. ಕಣ್ಣಿನ ಹಳದಿ ಇನ್ನೂ ಪೂರ್ತಿ ಹೋಗಿಲ್ಲ ಅಂತ ಮನೆಮದ್ದು ಹುಡುಕಿಕೊಂಡು ಹೋಗುವವರು ಬಹಳ ಜನ. ಐಎನ್‌ಆರ್ ಸರಿ ಇದ್ದು, ತಮ್ಮ ಲವಲವಿಕೆಯಿಂದ ಇದ್ದರೆ ಕಾಯಿರಿ.

ಊಟದಲ್ಲಿ ಪಥ್ಯ ಅಂತ ಬರೀ ಗಂಜಿ, ಉಪ್ಪಿಲ್ಲದ ಅನ್ನ, ಕಬ್ಬಿನ ಹಾಲು ಕೊಡುವ ರೂಢಿ ನಮ್ಮ ಕಡೆ ಗಟ್ಟಿಯಾಗಿದೆ. ಈ ವಿಷಯದಲ್ಲಿ ನಾನು ಮನೆಯ ಹಿರಿಯರ ಜೊತೆ ವಾದಕ್ಕೇ ನಿಲ್ಲುತ್ತೇನೆ. ಹೊಸ ಕೋಶ ಕಟ್ಟಲು ಪ್ರೋಟೀನ್ ಬೇಕು. ಬೇಳೆ, ಮೊಸರು, ಮೊಟ್ಟೆ, ಮೀನು, ಕಾಳಿನ ಸಾರು, ಮುದ್ದೆ ಎಲ್ಲ ಕೊಡಿ. ಎಣ್ಣೆಯನ್ನು ಪೂರ್ತಿ ಬಿಡಿಸಬೇಕಿಲ್ಲ. ವಾಕರಿಕೆ ಹೋಗಿದ್ದರೆ ನಿಮ್ಮೂರಿನ ಬೆಣ್ಣೆ ದೋಸೆ ಒಂದು ದಿನ ತಿಂದರೆ ಲಿವರ್‌ಗೆ ಏನೂ ಆಗುವುದಿಲ್ಲ. ಮದ್ಯ ಮಾತ್ರ ಒಂದು ಹನಿಯೂ ಬೇಡ. ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಲಿವರ್ ಮೊದಲಿನ ರಚನೆಗೆ ಬರುವುದು ಸಾಮಾನ್ಯ. ಪೂರ್ತಿ ಚೇತರಿಸಿಕೊಂಡ ಮೇಲೆ ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಇಮ್ಯುನಿಟಿಗೆ ಏನಾದರೂ ಮಾಡಲೇಬೇಕು ಅನ್ನುವ ಅತ್ತೆಯವರ ಆಸೆಗೆ ಅದು ಸರಿಯಾದ ಉತ್ತರ. ಲಸಿಕೆ ಯಾವ ಶತ್ರುವಿನ ಮೇಲೆ ಎರಗಬೇಕು ಅಂತ ಕೋಶಗಳಿಗೆ ನಿರ್ದಿಷ್ಟವಾಗಿ ಕಲಿಸುತ್ತದೆ.

ಈ ನಡುವೆ ತಮ್ಮ ಹಗಲೆಲ್ಲ ತೂಕಡಿಸಿದರೆ, ಮಾತು ತೊದಲಿದರೆ, ಗೊಂದಲದಲ್ಲಿ ಇದ್ದಂತೆ ಕಂಡರೆ, ವಸಡಿನಲ್ಲಿ ರಕ್ತ ಬಂದರೆ, ಚಳಿಜ್ವರ ಬಂದರೆ, ಹೊಟ್ಟೆ ಉಬ್ಬಿದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೀವು ಕೇಳಿಲ್ಲ, ಆದರೆ ಮುಂದಿನ ಜ್ವರಕ್ಕೆ ಈ ಪ್ರಶ್ನೆ ಬಂದೇ ಬರುತ್ತದೆ: ಪ್ಯಾರಸಿಟಮಾಲನ್ನು ಇನ್ನು ಮುಟ್ಟಲೇಬಾರದಾ? ಲಿವರ್ ಪೂರ್ತಿ ಸರಿಹೋಗುವವರೆಗೆ ನಿಮ್ಮ ಡಾಕ್ಟರ್ ಹೇಳದೆ ಯಾವ ಮಾತ್ರೆಯೂ ಬೇಡ. ಆಮೇಲೆ ಲೆಕ್ಕದಲ್ಲಿ ತೆಗೆದುಕೊಳ್ಳಬಹುದು. ಡೆಂಗಿ ಸೀಸನ್‌ನಲ್ಲಿ ಜ್ವರಕ್ಕೆ ಇವತ್ತಿಗೂ ಅದೇ ಸರಿಯಾದ ಮಾತ್ರೆ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳಿಂದ ಆಗ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ ಎಲ್ಲ ಸೇರಿ 4 ಗ್ರಾಂ ಗರಿಷ್ಠ ಮಿತಿ, 650ರ ಮಾತ್ರೆಯಾದರೆ ಆರಕ್ಕೇ ಮಿತಿ ಮುಟ್ಟಿತು. ತೂಕ ಕಮ್ಮಿ ಇರುವವರಿಗೆ, ಊಟ ಬಿಟ್ಟವರಿಗೆ, ಕುಡಿಯುವವರಿಗೆ ಮಿತಿ ಅದಕ್ಕಿಂತ ಕೆಳಗೆ. ನೆಗಡಿ ಮಾತ್ರೆ ಕೊಂಡಾಗ ಸ್ಟ್ರಿಪ್‌ನ ಹಿಂಬದಿ ತಿರುಗಿಸಿ ಪ್ಯಾರಸಿಟಮಾಲ್ ಇದೆಯಾ, ಎಷ್ಟು ಮಿಲಿಗ್ರಾಂ ಇದೆ ಅಂತ ಓದಿ. ಅಕ್ಷರ ತೀರಾ ಸಣ್ಣದಾಗಿದ್ದರೆ ಅಂಗಡಿಯವರನ್ನೇ ಕೇಳಿ, ಅವರು ಹೇಳಿದ್ದನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.